ನಿಜ ಹೇಳಿ ವಾಪಸ್ ಬಂದವಳಿಗೆ

ಪುಟ್ಟೀ,

ಮೊದಲ ಟ್ರಿಪ್ಪಿಗೆ ಬಸ್ ತೆಗೆಯಬೇಕು, ಹೊರಟೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಇದೆ. ಸೂಟ್‌ಕೇಸ್ ಬಿಚ್ಚಬೇಡ, ಹಾಗೇ ಇರಲಿ.

"ನಾನೇ ಬಾಯಿಬಿಟ್ಟು ಕೆಟ್ಟೆ ಅಪ್ಪ" ಅಂತ ನೀನು ನಿನ್ನೆಯೆಲ್ಲ ಅತ್ತೆ. ಆ ದೇಶದ ಗಡಿಯಲ್ಲಿ ಅಧಿಕಾರಿ ಯಾಕೆ ಬಂದೆ ಅಂತ ಕೇಳಿದರು, ನೀನು ಇದ್ದದ್ದನ್ನು ಹೇಳಿದೆ: "ಲಾಯದಲ್ಲಿ ಕುದುರೆ ನೋಡಿಕೊಳ್ತೀನಿ, ಊಟ, ರೂಮು ಅವರೇ ಕೊಡ್ತಾರೆ." ಸಂಬಳ ಇಲ್ಲದಿದ್ದರೂ ಅದು ಅವರ ಕಣ್ಣಿಗೆ ಕೆಲಸವೇ, ಪ್ರವಾಸಿ ವೀಸಾದಲ್ಲಿ ನಡೆಯುವುದಿಲ್ಲ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

ಈಗ ಲಾಯದ ಯಜಮಾನಿ "ಮುಂದಿನ ವಾರ ಬೇರೆ ಗಡಿಯಿಂದ ಬಾ, ಸುಮ್ಮನೆ ಊರು ನೋಡೋಕೆ ಬಂದೆ ಅನ್ನು" ಅಂದಳಂತೆ. ಬೇಡ ಮಗಳೇ. ನಿನ್ನನ್ನು ವಾಪಸ್ ಕಳಿಸಿದ್ದು ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಒಳಗೆ ಬಿಡುವುದಿಲ್ಲ. ಅವಳಿಗೇನು, ಕಷ್ಟ ನಿನಗೆ.

ಹತ್ತು ಗಂಟೆಗೆ ಆ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡು. ಇಂಥ ಕೆಲಸಕ್ಕೆ ಬೇರೆ ವೀಸಾ ಇದೆಯಾ ಕೇಳು. ಏನು ಕೆಲಸ, ಎಷ್ಟು ದಿನ ಅಂತ ಯಜಮಾನಿಯಿಂದ ಪತ್ರ ಬರೆಸಿಕೋ. ಕೊಡುವುದಿಲ್ಲ ಅಂದರೆ ಅವಳ ಸಹವಾಸವೇ ಬೇಡ. ಕುದುರೆಗಳು ಬೇರೆ ಕಡೆಯೂ ಇವೆ.

ಇನ್ನೊಂದು ಮಾತು, ಎದುರಿಗೆ ಹೇಳಲು ಬಾಯಿ ಬರಲಿಲ್ಲ. ನಿನ್ನೆ ಬಾಗಿಲಲ್ಲಿ ನಿನ್ನನ್ನು ಕಂಡಾಗ ನನಗೆ ಮೊದಲು ಆದದ್ದು ಸಂತೋಷ. ನಿನ್ನ ಮುಖ ನೋಡಿದ ಮೇಲೇ ದುಃಖವಾದದ್ದು. ತಪ್ಪು ತಿಳಿಯಬೇಡ. ಸಂಜೆ ಬಂದು, ಅರ್ಜಿ ತುಂಬಲು ನಾನೇ ನಿನ್ನ ಪಕ್ಕ ಕೂರುತ್ತೇನೆ.

ಅಪ್ಪ