ಇಬ್ಬರಿಗೆ ಮಾತ್ರ

ಸಿಯೋನ್,
ಗುರುವಾರ, ಅಕ್ಟೋಬರ್ 3

ನನ್ನ ಲಿಸೆಟ್ ಅಕ್ಕನಿಗೆ ಎರಡು ಕೆನ್ನೆಗೂ ಮುತ್ತು, ಜೊತೆಗೆ ಇನ್ನೂ ಪೂರ್ತಿ ಇಳಿಯದ ಸ್ವಲ್ಪ ಮುನಿಸು.

ಮೂರು ದಿನದಿಂದ ನಿನ್ನ ಫೋನು ಎತ್ತದೆ ಈಗ ಪತ್ರ ಬರೆಯುತ್ತಿದ್ದೇನೆಂದು ಬೈಯಬೇಡ. ಫೋನಿನಲ್ಲಾದರೆ ನೀನೇ ಮಾತಾಡುತ್ತೀಯ. ಪತ್ರದ ನಡುವೆ ನೀನು ಬಾಯಿ ಹಾಕಲಾರೆ.

ಮೊದಲಿಗೆ, ನಿನ್ನ ಭವಿಷ್ಯವಾಣಿ ಸುಳ್ಳಾಯಿತು. ನಾನು ಮಾರ್ಟಿನ್ಯಿಯಲ್ಲಿ ಇಳಿಯಲಿಲ್ಲ. "ನೀನಾ? ಒಬ್ಬಳೇನಾ? ಮಾರ್ಟಿನ್ಯಿ ಬರೋದ್ರೊಳಗೆ ಹೆದರಿಕೊಂಡು ವಾಪಸ್ ರೈಲು ಹತ್ತುತೀಯ, ನೋಡ್ತಿರು" ಎಂದು ಬಾಗಿಲಲ್ಲಿ ನಿಂತು ನಕ್ಕಿದ್ದೆಯಲ್ಲ. ರೈಲು ಅಲ್ಲಿ ನಿಂತಾಗ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಅಪ್ಪಿಕೊಂಡು ಕುಳಿತಿದ್ದೆ ಎನ್ನುವುದು ನಿಜ. ಆದರೆ ಏಳಲಿಲ್ಲ. ವೆವೆಯಿಂದ ಇಲ್ಲಿಗೆ ಒಂದು ಗಂಟೆಯ ದಾರಿ, ಇದೇನು ದೊಡ್ಡ ಸಾಹಸ ಎನ್ನುತ್ತೀಯ. ಪ್ರತಿವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನಿನ್ನ ಹಿಂದೆಯೇ ಇಲ್ಲಿ ಬಂದಿಳಿದವಳಿಗೆ, ನಿಲ್ದಾಣದಲ್ಲಿ ಎಡಕ್ಕೋ ಬಲಕ್ಕೋ ಎಂದು ತಾನೇ ನಿರ್ಧರಿಸುವುದೂ ಸಾಹಸವೇ.

ನೀನು ಕಾಯುತ್ತಿರುವ ಉತ್ತರ ಯಾವುದೆಂದು ಗೊತ್ತು. ಶನಿವಾರ ನೋಂದಣಿ ಕಚೇರಿಯಲ್ಲಿ ನಿನ್ನ ಮದುವೆಗೆ ಸಾಕ್ಷಿಯಾಗಿ ನಾನು ನಿಲ್ಲುತ್ತೇನೋ ಇಲ್ಲವೋ ಎಂಬುದು. ನೀನು ಕೇಳಿದಾಗ ನಾನು ಮಂಡಿನೋವು ಎಂದೆ. ಅದೂ ಸಾಲದೆಂಬಂತೆ, "ಅರವತ್ತೇಳಕ್ಕೆ ದೋಣಿ ಟಿಕೆಟ್ ಹರಿಯೋ ಅರ್ಮಾನ್ ಜೊತೆ ಮದುವೆ, ಅದಕ್ಕೆ ನನ್ನ ಸಹಿ ಬೇರೆ ಕೇಡು" ಎಂದೆ. ನೀನು ಅಳಲಿಲ್ಲ. ಕೈ ಒರೆಸಿಕೊಂಡು, "ಶುಕ್ರವಾರದವರೆಗೆ ಕಾಯ್ತೀನಿ, ಆಮೇಲೆ ಕೆಳಗಿನ ಮನೆ ಮದಾಮ್ ಪೆರೆಯನ್ನ ಕೇಳ್ತೀನಿ" ಎಂದೆ. ಮದಾಮ್ ಪೆರೆ! ನಮ್ಮ ಬೆಕ್ಕಿಗೆ ವಿಷ ಹಾಕುತ್ತೇನೆಂದು ಮೆಟ್ಟಿಲಲ್ಲಿ ಕೂಗಾಡಿದ ಹೆಂಗಸು!

ಆ ಸಿಟ್ಟಿನಲ್ಲೇ ಹೊರಟೆ. ಏಕೆ ಬಂದೆನೆಂದು ಹೇಳುತ್ತೇನೆ, ನಗಬೇಡ. ನಾನಿಲ್ಲಿ ಒಬ್ಬಳೇ ಎಷ್ಟು ಸಂಕಟಪಡುತ್ತೇನೆಂದು ನಿನಗೆ ತೋರಿಸಲು ಬಂದೆ. ರೈಲಿನಲ್ಲಿ ಕೂತು ವಾಕ್ಯಗಳನ್ನೂ ಜೋಡಿಸಿಟ್ಟಿದ್ದೆ. 'ಊರೆಲ್ಲ ನಿನ್ನನ್ನೇ ಕೇಳುತ್ತಿದೆ.' 'ಗಂಟಲಲ್ಲಿ ತುತ್ತು ಇಳಿಯುತ್ತಿಲ್ಲ.' ಅಂಥ ನಾಲ್ಕು ಸಾಲು ಓದಿದರೆ ನಿನ್ನ ಮದುವೆಯ ಸಿಹಿ ಕಹಿಯಾದೀತು ಎಂಬುದು ನನ್ನ ಲೆಕ್ಕ.

ಮೊದಲ ದಿನ ಸಂಕಟಕ್ಕೆ ಪ್ರಯಾಣದ ದಣಿವು ಅಡ್ಡ ಬಂತು. ಕಿಟಕಿ ತೆರೆದು ಮಲಗಿದೆ. ಗಾಳಿ ಸೋಕಿದರೆ ಕತ್ತು ಹಿಡಿಯುತ್ತದೆಂದು ನೀನು ಎಂದೂ ತೆರೆಯಗೊಡದ ಕಿಟಕಿ. ಕತ್ತು ಹಿಡಿಯಲಿಲ್ಲ. ಮರುದಿನ ಗುಡ್ಡಕ್ಕೆ ಹೊರಟೆ. ನೀನಾದರೆ ಮೊದಲು ತುರ್ಬಿಯೋನ್ ಕೋಟೆ, ಇಳಿದು ಮತ್ತೆ ವಲೇರ್ ಇಗರ್ಜಿ, ಎರಡನ್ನೂ ಮಧ್ಯಾಹ್ನದೊಳಗೆ ಮುಗಿಸಿ ಕೆಳಗೆ ನಿಂತು ಗಡಿಯಾರ ನೋಡುತ್ತೀಯ. ನಾನು ಅರ್ಧ ದಾರಿಯ ಬೆಂಚಿನಲ್ಲಿ ಕುಳಿತುಬಿಟ್ಟೆ. ಎದುರಿನ ಇಳಿಜಾರಿನ ತೋಟದಲ್ಲಿ ದ್ರಾಕ್ಷಿ ಕೊಯ್ಯುವವರು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಕೇಳುತ್ತಾ ಬ್ರೆಡ್ಡೂ ಪ್ಲಮ್ ಹಣ್ಣೂ ತಿಂದೆ. ಮೇಲೆ ಹತ್ತಲೇ ಇಲ್ಲ, ಅಕ್ಕ. ಯಾವ ಕೋಟೆಯನ್ನೂ ನೋಡದೆ ಇಳಿದು ಬಂದೆ, ಯಾರೂ ಏನೂ ಅನ್ನಲಿಲ್ಲ. ಸಂಕಟ ಸಂಜೆಗೆ ಬರಬಹುದೆಂದುಕೊಂಡೆ.

ನಿನ್ನೆ ಮಧ್ಯಾಹ್ನ ಅದಕ್ಕೊಂದು ಒಳ್ಳೆಯ ಅವಕಾಶ ಸಿಕ್ಕಿತು. ಬೆಟ್ಟದ ನೆತ್ತಿಗೆಲ್ಲ ಹೊಸ ಹಿಮ ಬಿದ್ದು ಚಳಿ ಹೆಚ್ಚಿತ್ತು. ಸಿಡೋನಿಯ ಕೆಫೆಗೆ ಹೋಗಿ ಫೊಂಡ್ಯೂ ಕೇಳಿದೆ. ಎರಡು ವರ್ಷದ ಹಿಂದೆ ಅವಳು ಈ ಅಂಗಡಿ ಕೊಂಡದ್ದು, ನಾವಿನ್ನೂ ಅಲ್ಲಿಗೆ ಹೋಗಿರಲಿಲ್ಲ. ನನ್ನ ವಯಸ್ಸಿನವಳೇ, ಮೇಲಿನ ಸಾವ್ಯೆಸ್ ಹಳ್ಳಿಯ ಕಡೆಯ ದನಿ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ.

"ಅದು ಇಬ್ಬರಿಗೆ ಮಾತ್ರ, ಮೇಡಂ. ಒಬ್ಬರಿಗೆ ಅಂತ ಚೀಸ್ ಮಡಕೆ ಇಡಲ್ಲ ನಾವು" ಎಂದಳು.

ಬೇರೆ ಏನಾದರೂ ಕೇಳಬಹುದಿತ್ತು. ನಾನು, ಅಕ್ಕ ಬರುತ್ತಿದ್ದಾಳೆ, ರೈಲು ತಡವಾಗಿದೆ ಎಂದುಬಿಟ್ಟೆ. ಅವಳು ಎದುರಿಗೆ ಇನ್ನೊಂದು ತಟ್ಟೆ, ಇನ್ನೊಂದು ಉದ್ದ ಮುಳ್ಳುಚಮಚ ಇಟ್ಟಳು. ಕೆಳಗೆ ದೀಪ ಹಚ್ಚಿ ಮಡಕೆ ಕೂರಿಸಿದಳು. ಖಾಲಿ ಕುರ್ಚಿ, ಕುದಿಯುವ ಮಡಕೆ, ಹೊರಗೆ ಬೂದು ಆಕಾಶ. ಅಳುವುದಕ್ಕೆ ಇದಕ್ಕಿಂತ ಏನು ಬೇಕು? ನಾನು ಕರಗಿದ ಚೀಸಿಗೆ ಬ್ರೆಡ್ ಅದ್ದಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು, "ನಿಮ್ಮ ಅಕ್ಕ ಯಾವ ರೈಲಲ್ಲಿ ಬರ್ತಿದಾರೆ? ಹಳಿ ಮೇಲೆ ನಡ್ಕೊಂಡು ಬರ್ತಿದಾರಾ?" ಎಂದು ಕೇಳಿದಳು. ಪಕ್ಕದ ಮೇಜಿನ ಇಬ್ಬರು ಮುದುಕರು ಕಿಸಕ್ಕೆಂದರು.

ನಾನು ತಲೆ ತಗ್ಗಿಸಿದೆ. ಅವಳ ದನಿ ಮೆತ್ತಗಾಯಿತು. "ತೀರಿಕೊಂಡ್ರಾ?" ಎಂದಳು.

"ಇಲ್ಲ, ಮದುವೆ ಆಗ್ತಿದಾಳೆ" ಎಂದೆ.

"ಅಯ್ಯೋ ನಿಮ್ಮ! ಅದಕ್ಕಾ ಈ ಮುಖ?" ಎಂದು ನಿನ್ನ ಕುರ್ಚಿಯನ್ನು ಎಳೆದುಕೊಂಡು ಕುಳಿತೇಬಿಟ್ಟಳು. "ಗಂಡು ಕುಡೀತಾನಾ?"

"ಇಲ್ಲ."

"ಹೊಡೀತಾನಾ?"

"ನೊಣಾನೂ ಹೊಡೆಯಲ್ಲ. ಕಿಟಕಿ ತೆಗೆದು ಹೊರಗೆ ಕಳಿಸ್ತಾನೆ."

"ಮತ್ತೆ ಕಷ್ಟ ಏನು?"

ಭಾನುವಾರ ಮನೆಗೆ ಬಂದಾಗಲೆಲ್ಲ ನನ್ನ ಕುರ್ಚಿಯಲ್ಲೇ ಕೂರುತ್ತಾನೆ ಎಂದೆ.

"ಬೇರೆ ಕುರ್ಚಿ ಇಲ್ವಾ ನಿಮ್ಮನೇಲಿ?" ಎಂದವಳೇ ಮಡಕೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ಬ್ರೆಡ್ಡಿನ ಬುಟ್ಟಿ ನೋಡಿದಳು. ಎರಡೂ ಖಾಲಿ. ತಳ ಹಿಡಿದು ಗರಿಗರಿಯಾದ ಚೀಸಿನ ಹಕ್ಕಳೆಯನ್ನೂ ನಾನು ಕೆರೆದು ತೆಗೆದು, ಪೂರ್ತಿ ನಾನೇ ತಿಂದಿದ್ದೆ. ಅದರ ದೊಡ್ಡ ಪಾಲು ಯಾವಾಗಲೂ ನಿನ್ನದು. ಅಕ್ಕನಾದ್ದರಿಂದ ಎಂದು ನೀನು ಹೇಳುತ್ತಿದ್ದೆ.

"ಮೇಡಂ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೀನಿ. ದುಃಖದಲ್ಲಿರೋರು ಇಷ್ಟು ತಿನ್ನಲ್ಲ" ಎಂದಳು ಸಿಡೋನಿ.

ಮುದುಕರು ಬಾಯಿಬಿಟ್ಟು ನಕ್ಕರು. ಒಬ್ಬನಂತೂ ಬಿಳಿ ವೈನಿನ ಲೋಟ ಎತ್ತಿ ನನ್ನ ಹೊಟ್ಟೆಗೆ ಜಯವಾಗಲಿ ಎಂದ. ನನಗೆ ಮೊದಲು ಕಿವಿಯೆಲ್ಲ ಬಿಸಿಯಾಯಿತು. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. ಅವಳು ಹೇಳಿದ್ದು ನಿಜ. ಮೂರು ದಿನ ನಾನು ದುಃಖಕ್ಕೆ ಕಾದು ಕುಳಿತೆ, ತಡವಾದ ಬಸ್ಸಿಗೆ ಕಾಯುವ ಹಾಗೆ. ಅದು ಬರಲಿಲ್ಲ. ನಾನು ಇಲ್ಲಿ ಸುಖವಾಗಿದ್ದೇನೆ, ಲಿಸೆಟ್. ಇದನ್ನು ಬರೆಯಲು ಇಷ್ಟು ಪುಟ ಬೇಕಾಯಿತು.

ನೀನು ಹೋದಮೇಲೆ ಆ ಮನೆಯಲ್ಲಿ ನಾನು ಉಳಿಯುವುದು ಬೇರೆ ಮಾತು. ಮೊದಲ ಚಳಿಗಾಲ ಕಷ್ಟವೇ ಆಗುತ್ತದೆ. ಬೆಳಿಗ್ಗೆ ಕಾಫಿ ಪಾತ್ರೆ ಸದ್ದು ಕೇಳದೆ ಎಚ್ಚರವಾಗುವುದನ್ನು ನೆನೆಯಲು ಈಗಲೂ ಇಷ್ಟವಿಲ್ಲ. ಆ ಕಷ್ಟ ನನ್ನದು, ಅರ್ಮಾನ್‌ನ ತಪ್ಪಲ್ಲ. ಅವನು ಒಳ್ಳೆಯವನೆಂದು ನನಗೆ ಮೊದಲ ಭಾನುವಾರವೇ ಗೊತ್ತಾಗಿತ್ತು. ಕೆಟ್ಟವನಾಗಿದ್ದರೆ ನೀನೇ ವಾಪಸ್ ಬರುತ್ತಿದ್ದೆ, ನನಗೆ ಚಿಂತೆಯೇ ಇರಲಿಲ್ಲ.

ಈ ಪತ್ರ ನಾಳೆ ಬೆಳಿಗ್ಗೆ ನಿನ್ನ ಕೈಸೇರುತ್ತದೆ. ಮದಾಮ್ ಪೆರೆಯ ಬಾಗಿಲು ಬಡಿಯಬೇಡ. ಬಡಿದಿದ್ದರೆ, ತಪ್ಪು ಮನೆ ಎಂದು ಹೇಳಿ ಮೇಲೆ ಬಾ. ಶನಿವಾರ ನಿನ್ನ ಎಡಗಡೆ ನಾನೇ ನಿಲ್ಲುತ್ತೇನೆ, ನಾನೇ ಸಹಿ ಹಾಕುತ್ತೇನೆ. ಅಮ್ಮನ ಹವಳದ ಪಿನ್ನು ನನ್ನ ಬೀರುವಿನ ಮೇಲಿನ ಖಾನೆಯಲ್ಲಿದೆ. ಅದನ್ನು ನೀನು ಹಾಕಿಕೋ. ನನ್ನ ನೀಲಿ ಉಡುಪಿಗೆ ಇಸ್ತ್ರಿ ಮಾಡಿಡು. ಅಷ್ಟಾದರೂ ಮಾಡು, ಮದುವಣಗಿತ್ತಿಯಾದರೇನಂತೆ.

ಅರ್ಮಾನ್‌ಗೂ ಒಂದು ಮುತ್ತು, ಒಂದೇ ಕೆನ್ನೆಗೆ.

ನಿನ್ನ ತಂಗಿ,
ಎಲಿಯಾನ್

ಮತ್ತೊಂದು ಮಾತು: ಬೆಳಿಗ್ಗೆ ಹೋಟೆಲಿನ ಯಜಮಾನರು ಮುಂದಿನ ವರ್ಷವೂ ಬರುತ್ತೀರಾ ಎಂದು ಕೇಳಿದರು. ಹೌದೆಂದೆ. ಎರಡು ಮಂಚದ ಕೋಣೆ ತಾನೇ ಎಂದರು. ನಾನು ಒಂದು ಮಂಚದ್ದು ಹೇಳಿಟ್ಟೆ. ನಿನಗೆ ಬೇಸರವಾಗುತ್ತದೆಂದು ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಸ್ವಲ್ಪ ಬೇಸರವಾಗಲಿ, ಅಕ್ಕ.