ಸಿನಿಮಾ ನೋಡಿ ತಿದ್ದಿದ ಅರಮನೆ

ಪುರಾತನ ಕಟ್ಟಡಗಳ ಇಲಾಖೆಯ ಮುಖ್ಯಾಧಿಕಾರಿಗಳೇ,

ಸಿನಿಮಾದವರು ಇತಿಹಾಸವನ್ನು ತಪ್ಪಾಗಿ ತೋರಿಸಿದರೆ ಸಿನಿಮಾವನ್ನು ಬೈಯುವುದು ರೂಢಿ. ತಾವು ಇತಿಹಾಸವನ್ನೇ ಕರೆದು ಬುದ್ಧಿ ಹೇಳಿದ್ದೀರಿ. ಇಲ್ಲಿ ಆಳಿದ ದೊರೆಯ ಮೇಲೆ ಈಚೆಗೆ ಬಂದ ಸಿನಿಮಾದಲ್ಲಿ ಕಂಡಂತೆ ನಮ್ಮ ಅರಮನೆ ಇಲ್ಲವೆಂದು ಪ್ರವಾಸಿಗರು ಗೊಣಗಿದರಂತೆ. ತಾವು ಅರಮನೆಯನ್ನೇ ತಿದ್ದಿಸಿದಿರಿ. ತಿದ್ದುಪಡಿಗೆ ಬಗ್ಗದೆ ಉಳಿದವಳು ಇಲ್ಲಿ ಗೈಡಾಗಿರುವ ನಾನೊಬ್ಬಳೇ. ಹಾಗಾಗಿ 'ಸಂದರ್ಶಕರ ಭಾವನೆಗೆ ಧಕ್ಕೆ ತಂದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?' ಎಂಬ ನೋಟಿಸು ಬಂದಿದೆ. ನನ್ನ ಉತ್ತರವನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೇ ಕೊಟ್ಟಿದ್ದೇನೆ.

ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ಐತಿಹಾಸಿಕ ಚಿತ್ರಗಳ ತಪ್ಪು ಹಿಡಿಯುವುದೇ ನಮ್ಮ ಮನೆಯ ಮನರಂಜನೆ, ಅದರಲ್ಲಿ ನಮ್ಮತ್ತೆಯನ್ನು ಮೀರಿಸುವವರಿಲ್ಲ. "ನೋಡೇ, ಗಾಯ ಎಡಗೆನ್ನೆ ಮೇಲಿತ್ತು, ಅಳ್ತಾ ಅಳ್ತಾ ಬಲಗೆನ್ನೆಗೆ ಹೋಯ್ತು!" ಎಂದು ಥಿಯೇಟರಿನಲ್ಲೇ ಕೂಗಿ ಮುಂದಿನ ಸಾಲಿನವರಿಂದ ಬೈಸಿಕೊಂಡವರು ಅವರು. ದೊರೆಯ ತೋಳಿನಲ್ಲಿ ಲಸಿಕೆಯ ಕಲೆ, ಸೇನಾಪತಿಯ ಮಣಿಕಟ್ಟಿನಲ್ಲಿ ಗಡಿಯಾರ ಕಟ್ಟಿದ ಬಿಳಿ ಗುರುತು, ಕುಡಿದಷ್ಟೂ ತುಂಬುತ್ತಲೇ ಹೋಗುವ ಪಾನಪಾತ್ರೆ: ಇವೆಲ್ಲ ಯಾರ ಮನೆಯನ್ನೂ ಹಾಳು ಮಾಡುವುದಿಲ್ಲ. ನಕ್ಕು ಎದ್ದು ಬರುತ್ತೇವೆ.

ಆದರೆ ನಮ್ಮ ಅರಮನೆಯ ಆ ಚಿತ್ರದಲ್ಲಿ ದೊರೆ ತನ್ನ ತಮ್ಮನನ್ನು ನೆಲಮಾಳಿಗೆಯಲ್ಲಿ ಸರಪಳಿ ಬಿಗಿದು ಕೂಡಿಹಾಕುತ್ತಾನಲ್ಲ, ಆ ಸೆರೆಮನೆಗಾಗಿ ಜನ ಇಲ್ಲಿ ಹುಡುಕಾಡಿದರು. ನಮ್ಮ ಅರಮನೆಯಲ್ಲಿ ಸೆರೆಮನೆಯೇ ಇರಲಿಲ್ಲ. ಇದ್ದದ್ದು ಉಗ್ರಾಣ. ಬರಗಾಲ ಬಂದಾಗ ದೊರೆ ಅದರ ಬಾಗಿಲು ತೆರೆಸಿ ಊರಿಗೆಲ್ಲ ಕಾಳು ಅಳೆಸಿಕೊಟ್ಟನೆಂದು ತಮ್ಮದೇ ಇಲಾಖೆ ಹಿಂದೆ ಫಲಕ ಬರೆಸಿತ್ತು. ಆ ಫಲಕ ಈಗ ಟಿಕೆಟ್ ಕೊಠಡಿಯ ಹಿಂದೆ ಪೊರಕೆಗಳಿಗೆ ಆಸರೆಯಾಗಿದೆ. ಉಗ್ರಾಣದ ಗೋಡೆಗೆ ಹೊಚ್ಚಹೊಸ ಸರಪಳಿ ಬಂದಿದೆ, ತುಕ್ಕಿನ ಬಣ್ಣ ಬಳಿದುಕೊಂಡು. ಕಾಳು ತುಂಬಿಡುತ್ತಿದ್ದ ಹಗೇವಿನ ಪಕ್ಕದಲ್ಲಿ 'ಚಿತ್ರಹಿಂಸೆಯ ಗುಂಡಿ' ಎಂಬ ಬೋರ್ಡು. ಊರಿಗೆ ಅನ್ನ ಹಾಕಿದ ಮನುಷ್ಯನನ್ನು ಒಂದೇ ಡಬ್ಬ ಬಣ್ಣದಲ್ಲಿ ಕಟುಕನನ್ನಾಗಿ ಮಾಡಿದ ತಮ್ಮ ಮಿತವ್ಯಯವನ್ನು ಮೆಚ್ಚಲೇಬೇಕು.

ನನ್ನ ಅಪರಾಧ ಇಷ್ಟೇ. ಒಬ್ಬ ಹೆಂಗಸು ಸರಪಳಿ ಹಿಡಿದು ಕಣ್ಣೀರು ಹಾಕುತ್ತಾ, "ಇಲ್ಲೇ ತಾನೆ ಆ ಪಾಪಿ ದೊರೆ ತನ್ನ ತಮ್ಮನ್ನ ಕಟ್ಟಿಹಾಕಿದ್ದು?" ಎಂದರು.

"ಇಲ್ಲಮ್ಮ, ಇದು ಉಗ್ರಾಣ. ಹಸಿದು ಬಂದೋರಿಗೆ ಇಲ್ಲಿಂದ ಕಾಳು ಕೊಡ್ತಿದ್ರು" ಎಂದೆ.

ಅವರ ಗಂಡ ನೆಟ್ಟಗೆ ಹೋಗಿ ದೂರು ಕೊಟ್ಟರು. ತಮ್ಮ ಮೇಲ್ವಿಚಾರಕರು ನನ್ನನ್ನು ಕರೆಸಿ, "ಏನಮ್ಮಾ, ಜನ ದುಡ್ಡು ಕೊಟ್ಟು ಅಳೋಕೆ ಬಂದಿರ್ತಾರೆ. ನೀವು ಕಾಳು ಬೇಳೆ ಅಂತ ಹೇಳಿ ಮೂಡೆಲ್ಲ ಹಾಳು ಮಾಡ್ತೀರಲ್ಲ!" ಎಂದರು. ದೊರೆ ಹಿಂಸಿಸಿದನೆಂದರೆ ಯಾರಿಗೂ ನೋವಿಲ್ಲ, ಉಣಿಸಿದನೆಂದರೆ ಭಾವನೆಗೆ ಧಕ್ಕೆ! ಇದು ಯಾವ ಊರಿನ ನ್ಯಾಯ ಸ್ವಾಮಿ?

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಕಳೆದ ವಾರ ಗಾರೆ ಕೆಲಸದವರು ಬಂದು ಉಗ್ರಾಣದ ಹೊಸ್ತಿಲಿಗೆ ಸಿಮೆಂಟು ಮೆತ್ತಿದರು. ಆ ಕಲ್ಲಿನ ಹೊಸ್ತಿಲು ನಡುವೆ ಸವೆದು, ಅಂಗೈ ಮುಳುಗುವಷ್ಟು ತಗ್ಗಾಗಿತ್ತು. ಕಾಳಿಗಾಗಿ ಬಂದವರು ತುಳಿದು ತುಳಿದು ಆದ ತಗ್ಗು ಅದು. ಏಕೆ ಮುಚ್ಚುತ್ತೀರೆಂದು ಕೇಳಿದರೆ, "ಸಿನಿಮಾದಲ್ಲಿ ನೆಟ್ಟಗಿದೆಯಂತೆ ಮೇಡಂ" ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಪ್ರವಾಸಿಗರು ನನ್ನ ಫೋಟೋ ತೆಗೆದುಕೊಂಡರು, ನಾನೂ ಆ ತಮ್ಮನಿಗಾಗಿ ಅಳುತ್ತಿದ್ದೇನೆಂದುಕೊಂಡು.

ಆದ್ದರಿಂದ ನನ್ನ ಒತ್ತಾಯ ಇದು. ಸರಪಳಿ ಬೇಕಿದ್ದರೆ ತಮ್ಮ ಕಚೇರಿಯಲ್ಲೇ ಇಟ್ಟುಕೊಳ್ಳಿ. ಹಳೆಯ ಫಲಕವನ್ನು ಅದರ ಜಾಗದಲ್ಲಿ ನಿಲ್ಲಿಸಿ. ಹೊಸ್ತಿಲಿನ ಸಿಮೆಂಟನ್ನು ತೆಗೆಸಿ, ಅದೂ ಕೈ ನಡುಗದ ಕೆಲಸಗಾರರಿಂದ. ನನ್ನನ್ನು ತೆಗೆದರೆ ಇನ್ನೊಬ್ಬ ಗೈಡು ನಾಳೆಯೇ ಸಿಗುತ್ತಾರೆ. ಆದರೆ ಆ ಕಲ್ಲು ಒಡೆದುಹೋದರೆ ಅಂಥ ತಗ್ಗನ್ನು ಯಾವ ಸಿನಿಮಾದವರೂ ಮಾಡಿಕೊಡಲಾರರು. ಅದಕ್ಕೆ ಅಷ್ಟೊಂದು ಜನ ಹಸಿದುಕೊಂಡು ನಡೆದು ಬರಬೇಕು.

ಇಂತಿ,
ಸದ್ಯಕ್ಕೆ ಕೆಲಸದಲ್ಲಿರುವ,
ನಾಳೆಯೂ ಅದನ್ನು ಉಗ್ರಾಣವೆಂದೇ ಹೇಳಲಿರುವ ಗೈಡು