ಕಾಳಹಸ್ತಿಯಿಂದ ಸೀದಾ ಮನೆಗೆ

ಕೃಷ್ಣರಾಜಪುರ
ಬುಧವಾರ, 19-11-2025

ಪ್ರೀತಿಯ ಮಗಳು ಪ್ರತಿಭಾಗೆ, ಕಾಳಹಸ್ತೀಶ್ವರನ ದಯೆ ನಿನ್ನ ಮೇಲಿರಲಿ ಎಂದು ಬೇಡಿಕೊಂಡು ನಿನ್ನಮ್ಮ ಬರೆಯುವುದು.

ಮೈಯಲ್ಲಿ ಹೇಗಿದೆ? ಸೊಂಟ ನೋಯುತ್ತದೆಯೇ? ಜ್ವರ ಬಂದಿಲ್ಲ ತಾನೆ? ಎದೆ ಕಟ್ಟಿಕೊಂಡು ನೋವಾದರೆ ಡಾಕ್ಟರಿಗೆ ಹೇಳು, ನಾಚಿಕೊಂಡು ಸುಮ್ಮನಿರಬೇಡ. ತಣ್ಣೀರಲ್ಲಿ ಕೈ ಇಡಬೇಡ. ಕಿವಿಗೆ ಹತ್ತಿ ಇಟ್ಟುಕೋ, ತಲೆಗೆ ಬಟ್ಟೆ ಕಟ್ಟಿಕೋ, ಈಗ ಬೆಳಗಿನ ಹೊತ್ತು ಚಳಿಗಾಳಿ. ಮಡಿಲಲ್ಲಿ ಮಗು ಇಲ್ಲವೆಂದು ಬಾಣಂತನ ಬೇಡ ಎನ್ನಬೇಡ. ಏಳು ತಿಂಗಳು ಹೊತ್ತ ಮೈ ಅದು, ಅದಕ್ಕೆ ಆಗಬೇಕಾದ್ದು ಆಗಲೇಬೇಕು. ಹೀಗೆಲ್ಲ ಹೇಳುವ ಹಕ್ಕು ನನಗಿಲ್ಲ, ಗೊತ್ತು. ಬಾಣಂತನ ತೌರಿನವರು ಮಾಡಬೇಕಾದ್ದು. ಹೆರಿಗೆಯಾಗಿ ಇವತ್ತಿಗೆ ಇಪ್ಪತ್ತೇಳು ದಿನ, ನಾನು ಆಸ್ಪತ್ರೆಗೂ ಬರಲಿಲ್ಲ, ಮನೆಗೂ ಬರಲಿಲ್ಲ. ಇನ್ನು ನಿನ್ನ ಎದುರಿಗೆ ಬಂದು ನಿಲ್ಲಬಹುದೇ ಎಂದು ಕೇಳುವುದಕ್ಕೇ ಈ ಕಾಗದ. ಮದುವೆಯಾದ ಹೊಸದರಲ್ಲಿ ನೀನು ಒಂದು ಕಾಗದ ಬರೆದಿದ್ದೆಯಲ್ಲ, ಅದಕ್ಕೆ ಮೂರು ವರ್ಷವಾದ ಮೇಲೆ ಉತ್ತರ ಬರೆಯುತ್ತಿದ್ದೇನೆ ಅಂದುಕೋ. ಅದನ್ನು ದೇವರ ಗೂಡಿನಲ್ಲಿ ಕುಂಕುಮದ ಡಬ್ಬಿಯ ಕೆಳಗೆ ಇಟ್ಟಿದ್ದೇನೆ, ಮಡಿಕೆಯೆಲ್ಲ ಕೆಂಪಾಗಿದೆ.

ನಿಮ್ಮಪ್ಪ ಚೆನ್ನಾಗಿದ್ದಾರೆ. ದೊಡ್ಡನೆಕ್ಕುಂದಿಯ ಅದೇ ಫ್ಯಾಕ್ಟರಿ, ಅದೇ ಶಿಫ್ಟು. ನನಗೂ ಏನೂ ಆಗಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅಳು ಮಾತ್ರ ಬರುವುದಿಲ್ಲ. ದೇವರ ಮುಂದೆ ಕೂತು ಅಷ್ಟೋತ್ತರ ಹೇಳುತ್ತೇನೆ, ಬಾಯಿ ಹೇಳುತ್ತಿರುತ್ತದೆ, ನಾನು ಇನ್ನೆಲ್ಲೋ ಇರುತ್ತೇನೆ. ಹೋದ ವಾರ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಒಲೆಯಿಂದ ಇಳಿಸಿಬಿಟ್ಟೆ. ಬೊಬ್ಬೆ ಎದ್ದ ಮೇಲೆ ಸುಟ್ಟಿದೆ ಅಂತ ತಿಳಿಯಿತು. ಅದನ್ನು ನೋಡಿಯೇ ಪಕ್ಕದ ಮನೆ ಗಂಗಲಕ್ಷ್ಮಮ್ಮ ಹಿಡಿದುಕೊಂಡಳು. "ನಿನಗೇನೋ ಆಗಿದೆ ಕಣೇ ಲಕ್ಷ್ಮೀ, ಮಂಗಳವಾರ ಕಾಳಹಸ್ತಿಗೆ ಬಸ್ಸು ಹೊರಡುತ್ತೆ, ನನ್ ಜೊತೆ ಬಾ, ರಾಹು ಕೇತು ಪೂಜೆ ಮಾಡಿಸ್ಕೊಂಡು ಸಾಯಂಕಾಲಕ್ಕೆ ವಾಪಸ್ ಬಂದ್ಬಿಡೋಣ" ಅಂದಳು. ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಅಂದೆ. ನಿಮ್ಮಪ್ಪ "ಯಾರ ಹೆಸರಲ್ಲಿ ಪೂಜೆ?" ಅಂತ ಕೇಳಿದರು. "ಮನೆ ಹೆಸರಲ್ಲಿ" ಅಂದೆ. ನಿನ್ನೆ ಬೆಳಗಿನ ಜಾವ ಅವರೇ ಬಂದು ಬಸ್ಸು ಹತ್ತಿಸಿದರು, ನನ್ನ ಚೀಲಕ್ಕೆ ಒಂದು ಶಾಲು ತುರುಕಿದರು.

ಬಸ್ಸಿನಲ್ಲಿ ನಮ್ಮಂಥವರೇ ಮೂವತ್ತೈದು ನಲವತ್ತು ಜನ. ಗೈಡು ಸೂರ್ಯ ಅಂತ, ಹಲಸೂರಿನವನು. ಹೆಂಡತಿ ಜೊತೆ ಫೋನಿನಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ನಂಗಲಿ ಗಡಿಯಲ್ಲಿ ಪರ್ಮಿಟ್ ಕಟ್ಟುವಾಗ ತೆಲುಗು. ಮೈಕು ಕೈಗೆ ಸಿಕ್ಕಿದರೆ ಬಿಡುವವನಲ್ಲ. ಗಡಿ ದಾಟಿದ ಕೂಡಲೇ ಎಲ್ಲರ ಫೋನುಗಳೂ ಒಂದೊಂದು ಸಲ ಕಿಣ್ ಅಂದವು. "ಅಮ್ಮಂದಿರೇ, ಆಂಧ್ರ ಬಂತು, ಇನ್ಮೇಲೆ ಸಾರಲ್ಲಿ ಖಾರ ಜಾಸ್ತಿ ಅಂತ ನನ್ನ ಬಯ್ಯಂಗಿಲ್ಲ" ಅಂದ. ಎಲ್ಲರೂ ನಕ್ಕರು. ಅದಕ್ಕೂ ಮುಂಚೆ, ಮುಳಬಾಗಿಲು ದಾಟುವಾಗ ನನ್ನ ಊರಿನ ದಾರಿಯ ಬೋರ್ಡು ಕಂಡಿತು. ಯಾವಾಗಲೂ ಆ ತಿರುವಿನಲ್ಲಿ ಕೈ ಮುಗಿಯುತ್ತಿದ್ದೆ. ನಿನ್ನೆ ಬೋರ್ಡು ಹಿಂದೆ ಹೋದ ಮೇಲೆ ನೆನಪಾಯಿತು.

ಕಾಳಹಸ್ತಿ ದೊಡ್ಡ ಊರೇ. ಒಂದು ಕಡೆ ಬೆಟ್ಟ, ಒಂದು ಕಡೆ ಸ್ವರ್ಣಮುಖಿ ಹೊಳೆ, ನಡುವೆ ದೇವಸ್ಥಾನ. ಗೈಡು ನಮ್ಮನ್ನು ಹೊಳೆಯ ದಂಡೆಯಲ್ಲಿ ನಿಲ್ಲಿಸಿ ಹಳೇ ಕಾಲದ್ದೆಲ್ಲ ಹೇಳಿದ. ರಾಜರು ಕಟ್ಟಿಸಿದ್ದ ದೊಡ್ಡ ಗೋಪುರ ಹದಿನೈದು ವರ್ಷದ ಹಿಂದೆ ಕುಸಿದುಬಿತ್ತಂತೆ, ಈಗಿನದು ಹೊಸದಂತೆ. ಹೊಳೆಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ನೀರು, ಉಳಿದದ್ದು ಮರಳು, ಯಾರೋ ಬಿಟ್ಟುಹೋದ ಬಟ್ಟೆಗಳು. ಇಳಿದು ಕಾಲು ತೊಳೆದೆ. ತಣ್ಣಗಿತ್ತೋ ಬೆಚ್ಚಗಿತ್ತೋ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅಲ್ಲೇ ಅವನು ಒಂದು ಮಾತನ್ನು ಮೂರು ಸಲ ಹೇಳಿದ. "ನೋಡ್ರಮ್ಮಾ, ಪೂಜೆ ಆದ್ಮೇಲೆ ಬೇರೆ ದೇವಸ್ಥಾನಕ್ಕೂ ಹೋಗಂಗಿಲ್ಲ, ಯಾರ್ ಮನೆಗೂ ಹೋಗಂಗಿಲ್ಲ. ಇಲ್ಲಿಂದ ಸೀದಾ ನಿಮ್ ನಿಮ್ ಮನೆ. ಇನ್ನೊಬ್ರ ಹೊಸ್ತಿಲು ತುಳಿದ್ರೆ ನಿಮ್ ದೋಷ ಅವ್ರ ಮನೆಗೆ ಹತ್ಕೊಳ್ಳುತ್ತೆ." ಗಂಗಲಕ್ಷ್ಮಮ್ಮ ಕೇಳಬೇಕಲ್ಲ, "ಹಂಗಾದ್ರೆ ಬರ್ತಾ ನನ್ನ ನಾದ್ನಿ ಮನೆ ಮುಂದೆ ಐದು ನಿಮಿಷ ಬಸ್ ನಿಲ್ಸಪ್ಪಾ" ಅಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಪದ್ಧತಿ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮೂರಿನಿಂದ ಕಾಳಹಸ್ತಿಗೆ ಹೋಗಿ ಬಂದವರು ಬೇರೆಯವರ ಜಗಲಿಯ ಮೇಲೂ ಕೂರುತ್ತಿರಲಿಲ್ಲ.

ಪೂಜೆ ಒಂದು ದೊಡ್ಡ ಹಜಾರದಲ್ಲಿ, ಸಾಲುಸಾಲಾಗಿ ಕೂರಿಸಿ ಎಲ್ಲರಿಗೂ ಒಟ್ಟಿಗೇ. ಎದುರಿಗೆ ಎರಡು ಪುಟ್ಟ ಬೆಳ್ಳಿಯ ಹಾವು, ಉದ್ದು, ಹುರುಳಿ, ಕಪ್ಪು ಬಟ್ಟೆ, ಕೆಂಪು ಬಟ್ಟೆ. ಅರ್ಚಕರು ಮೈಕಿನಲ್ಲಿ ತೆಲುಗಿನಲ್ಲಿ ಹೇಳುತ್ತಾರೆ, ನಾವು ಹಾಗೇ ಮಾಡಬೇಕು. ಹೆಸರು, ಗೋತ್ರ, ನಕ್ಷತ್ರ ಹೇಳಿಕೊಳ್ಳಿ ಅಂದಾಗ ಮನೆಯ ಹೆಸರು ಬಾಯಿಗೆ ಬರಲಿಲ್ಲ. "ಪ್ರತಿಭಾ, ಸ್ವಾತಿ ನಕ್ಷತ್ರ" ಅಂದೆ. ಆಮೇಲೆ ಗೋತ್ರದ ಹತ್ತಿರ ನಿಂತುಹೋದೆ. ಮದುವೆಯಾದ ಹೆಣ್ಣಿಗೆ ಗಂಡನ ಗೋತ್ರ ಅಲ್ಲವೇ? ತಪ್ಪು ಗೋತ್ರ ಹೇಳಿದರೆ ಪೂಜೆ ಯಾರಿಗೆ ಸೇರುತ್ತದೋ ಎಂದು ಹೆದರಿಕೆ. ಸಾಲಿನ ಮಧ್ಯೆ ಹೂವು ಹಂಚುತ್ತಿದ್ದ ವಯಸ್ಸಾದ ಅರ್ಚಕರೊಬ್ಬರು ನೋಡಿ, ಏನಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಅಳಿಯನ ಹೆಸರು ಶಮೀಮ್, ಗೋತ್ರ ಗೊತ್ತಿಲ್ಲ ಅಂದೆ. ಮೂರು ವರ್ಷದಲ್ಲಿ ಅವನನ್ನು ಅಳಿಯ ಅಂತ ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಅವರು ಮುಖ ಗಂಟಿಕ್ಕುತ್ತಾರೆ ಅಂದುಕೊಂಡಿದ್ದೆ. "ತೆಲಿಯಕಪೋತೆ ಶಿವಗೋತ್ರಂ ಅನಿ ಚೆಪ್ಪಮ್ಮಾ" ಅಂದು, ನನ್ನ ಕೈಗೆ ನಾಲ್ಕು ಹೂವು ಹಾಕಿ ಮುಂದೆ ಹೋದರು. ಗೊತ್ತಿಲ್ಲದಿದ್ದರೆ ಶಿವಗೋತ್ರ ಅನ್ನು ಅಂತ. ಹಾಗೇ ಹೇಳಿದೆ. ಶಿವಗೋತ್ರದ ಶಮೀಮ್, ಶಿವಗೋತ್ರದ ಪ್ರತಿಭಾ. ಮಕ್ಕಳ ಹೆಸರು ಹೇಳಿಕೊಳ್ಳಿ ಅಂದರು. ಮಗುವಿಗೆ ನೀವು ಹೆಸರಿಟ್ಟಿದ್ದಿರೋ ಇಲ್ಲವೋ, ಗಂಡೋ ಹೆಣ್ಣೋ, ನನಗೆ ಯಾವುದೂ ತಿಳಿಯದು. "ಪ್ರತಿಭಾನ ಮಗು" ಅಂತ ಮಾತ್ರ ಅಂದೆ. ಆಗಲಾದರೂ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಹೊರಗೆ ಬಂದ ಮೇಲೆ ಗಂಗಲಕ್ಷ್ಮಮ್ಮ, "ಏನೇ, ಬೀಗರನ್ನ ಈಶ್ವರನ ಮನೆತನಕ್ಕೇ ಸೇರಿಸ್ಬಿಟ್ಟೆಯಲ್ಲೇ!" ಎಂದು ನನ್ನ ತೋಳು ಚಿವುಟಿದಳು. ಅವಳು ಬಾಯಿಬಡುಕಿ, ಆದರೆ ಕೆಟ್ಟವಳಲ್ಲ.

ವಾಪಸ್ಸು ಬರುವಾಗ ಎಲ್ಲರೂ ನಿದ್ದೆ ಮಾಡಿದರು. ಕೃಷ್ಣರಾಜಪುರ ಬರುವಾಗ ಏಳೂವರೆ. ಗಂಗಲಕ್ಷ್ಮಮ್ಮ ಚೀಲ ಎತ್ತಿಕೊಂಡು ನಿಂತಳು, ನಾನು ಏಳಲಿಲ್ಲ. ಬಸ್ಸು ಹಲಸೂರಿನ ಮೇಲೆ ಶಿವಾಜಿನಗರಕ್ಕೆ ಹೋಗುತ್ತದೆ, ನಿನ್ನ ಮನೆ ಅಲ್ಲಿಂದ ಹತ್ತಿರ ಎಂದು ಬೆಳಗಿನಿಂದಲೇ ತಲೆಯಲ್ಲಿ ಇತ್ತೋ ಏನೋ. ಅವಳಿಗೆ ಅರ್ಥವಾಯಿತು. "ಮಗಳ ಮನೆಗಾ? ಇವತ್ತೊಂದಿನ ಬೇಡ ಕಣೇ, ಪೂಜೆ ಮಾಡ್ಸಿದ್ದು ಯಾರಿಗೋಸ್ಕರ, ಹೋಗಿ ಅಲ್ಲೇ ಬಿಟ್ಟು ಬರ್ತೀಯಾ?" ಅಂದಳು. "ಒಳಗೆ ಹೋಗಲ್ಲ" ಅಂದೆ. ಶಿವಾಜಿನಗರದಲ್ಲಿ ಇಳಿದು ಆಟೋ ಹಿಡಿದು ಪುಲಿಕೇಶಿನಗರಕ್ಕೆ ಬಂದೆ. ಹಸಿರು ಗೇಟು, ಪಕ್ಕದಲ್ಲಿ ಟೈಲರ್ ಅಂಗಡಿ, ಎದುರಿಗೆ ಟೀ ಅಂಗಡಿ. ನೀನು ಬರೆದಿದ್ದ ಹಾಗೇ ಇತ್ತು. ಟೀ ಅಂಗಡಿಯ ಪಕ್ಕ ನಿಂತುಕೊಂಡೆ. ಮೇಲಿನ ಕಿಟಕಿಯಲ್ಲಿ ದೀಪ ಇತ್ತು. ಯಾರೋ ಅತ್ತಿತ್ತ ಓಡಾಡಿದರು, ನೀನೋ ಬೇರೆಯವರೋ ಗೊತ್ತಾಗಲಿಲ್ಲ.

ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಜಹನಾರಾ ಅವರು ಕೆಳಗೆ ಬಂದರು. ನಿಮ್ಮತ್ತೆಯನ್ನು ನಾನು ನೋಡಿದ್ದು ಒಂದೇ ಸಲ, ಶಮೀಮ್ ಜೊತೆ ನಮ್ಮ ಮನೆಗೆ ಬಂದಾಗ. ಆಗ ಅವರಿಗೆ ನೀರು ಕೂಡ ಕೊಡದೆ ಕಳಿಸಿದ್ದೆವು. ಅವರು ನನ್ನ ಗುರುತು ಹಿಡಿದರು. "ಆಯಿಯೇ ಅಮ್ಮಾ, ಯಾಕ್ ಇಲ್ಲಿ ನಿಂತಿದೀರಾ, ಒಳಗ್ ಬನ್ನಿ" ಅಂತ ಕೈ ಹಿಡಿದರು. ನಾನು ಕೈ ಬಿಡಿಸಿಕೊಂಡು ಕಾಳಹಸ್ತಿಯ ಪದ್ಧತಿ ಹೇಳಿದೆ, ನನ್ನ ಜೊತೆ ಬಂದ ದೋಷ ನಿಮಗೆ ಹತ್ತಬಾರದು ಅಂದೆ. ಅವರು "ನಮ್ ಮನೇಲಿ ಹೋಗೋದು ಹೋಗಾಯ್ತಲ್ಲಮ್ಮಾ. ಇನ್ನೇನಾಗುತ್ತೆ, ಬನ್ನಿ" ಅಂದರು.

ನಾನು ಬರಲಿಲ್ಲ. ಅವರೂ ಬಲವಂತ ಮಾಡಲಿಲ್ಲ. ಹೋಗುತ್ತೇನೆ ಎಂದು ತಿರುಗಿದಾಗ, "ಒಂದ್ ನಿಮಿಷ ಇರಿ, ನಿಮ್ ಕಡೆ ಬಾಣಂತಿಗೆ ಹೊಟ್ಟೆಗೆ ಬಟ್ಟೆ ಹೆಂಗ್ ಕಟ್ತಾರೆ? ನಾನ್ ಕಟ್ಟಿದ್ದು ಜಾರುತ್ತೆ, ನಮ್ಮಮ್ಮ ಬೇರೆ ಥರ ಕಟ್ತಾರೆ ಅಂತಾಳೆ ನಿಮ್ ಮಗಳು" ಅಂದರು. ಬಾಯಲ್ಲಿ ಹೇಳಿದರೆ ತಿಳಿಯುವಂಥದ್ದಲ್ಲ ಅದು. ಅವರ ದುಪಟ್ಟಾ ತೆಗೆದುಕೊಂಡು ಅಲ್ಲೇ ಗೇಟಿನ ಹತ್ತಿರ ಅವರ ಸೊಂಟಕ್ಕೆ ಸುತ್ತಿ ತೋರಿಸಿದೆ. ಮೊದಲು ಕೆಳಗಿನಿಂದ ಬಿಗಿ, ಮೇಲೆ ಬರುತ್ತಾ ಸಡಿಲ, ಗಂಟು ಪಕ್ಕಕ್ಕೆ ಬರಬೇಕು, ಮಲಗಿದರೆ ಒತ್ತಬಾರದು. ಟೀ ಅಂಗಡಿಯವನು "ಕ್ಯಾ ಖಾಲಾ, ಕುಸ್ತಿನಾ?" ಅಂತ ಕೂಗಿದ. "ತೂ ಚಾಯ್ ಛಾನ್ ರೇ" ಎಂದು, ನೀನು ಟೀ ಸೋಸು ಅಂತ, ಅವರು ಗದರಿದರು. ಎರಡು ಸಲ ಬಿಚ್ಚಿ ಅವರ ಕೈಯಲ್ಲೇ ಕಟ್ಟಿಸಿದೆ. ಎರಡನೇ ಸಲ ಸರಿಯಾಗಿ ಬಂತು. ಸೀದಾ ಆಟೋ ಹತ್ತಿ ಮನೆಗೆ ಬಂದೆ. ನಿಮ್ಮಪ್ಪ ಬಾಗಿಲಲ್ಲೇ ಕಾಲಿಗೆ ನೀರು ಇಟ್ಟಿದ್ದರು. ಪುಲಿಕೇಶಿನಗರಕ್ಕೆ ಹೋಗಿದ್ದೆ ಎಂದು ನಾನೇ ಹೇಳಿದೆ. ತಟ್ಟೆಯಲ್ಲಿ ಅನ್ನ ಕಲೆಸುತ್ತಾ, "ನಡೆದಾಡ್ತಾಳಾ?" ಅಂತ ಕೇಳಿದರು. "ನೋಡಲಿಲ್ಲ" ಅಂದೆ. ಊಟ ಪೂರ್ತಿ ಮಾಡದೆ ಎದ್ದರು.

ಜಹನಾರಾ ಅವರು ಕಟ್ಟಿದ್ದು ಬಿಗಿಯಾಯಿತೆಂದರೆ ಹೇಳು, ಒಂದು ಬೆರಳು ಒಳಗೆ ಹೋಗುವಷ್ಟು ಇರಬೇಕು. ಬೆಳ್ಳುಳ್ಳಿ, ಮೆಣಸಿನ ಸಾರು ಬಿಡಬೇಡ. ಅವರಿಗೆ ನನ್ನ ನಮಸ್ಕಾರ ಹೇಳು. ಶಮೀಮ್‌ಗೂ ನಿನಗೂ ನನ್ನ ಆಶೀರ್ವಾದ. ಈಶ್ವರ ಇಬ್ಬರನ್ನೂ ತನ್ನವರೆಂದೇ ಕಾಯಲಿ.

ನಿನ್ನ ಹೆತ್ತವಳು,
ಲಕ್ಷ್ಮಿದೇವಿ

ಕವರು ಅಂಟಿಸುವ ಮುಂಚೆ: ಗೇಟಿನ ಹತ್ತಿರ ಜಹನಾರಾ ಅವರು ಇನ್ನೂ ಒಂದು ಮಾತು ಹೇಳಿದರು, ಮೇಲೆ ಬರೆಯಲು ಕೈ ಬರಲಿಲ್ಲ. "ಫೋನಿನ ವಿಷ್ಯ ಪ್ರತಿಭಾಗೆ ಹೇಳಿಲ್ಲಮ್ಮಾ, ಲೈನ್ ಸಿಗ್ಲಿಲ್ಲ ಅಂದಿದೀನಿ" ಅಂದರು. ಲೈನ್ ಸಿಕ್ಕಿತ್ತು ಪ್ರತಿಭಾ. ಆಸ್ಪತ್ರೆಯಿಂದ ಅವರು ಮಾಡಿದಾಗ ಎತ್ತಿದವಳು ನಾನೇ. ಮಗು ಉಳಿಯಲಿಲ್ಲ, ನಿಮ್ಮನ್ನು ಕೇಳುತ್ತಿದ್ದಾಳೆ ಅಂದರು. ಪೂರ್ತಿ ಕೇಳಿಸಿಕೊಂಡು ರಾಂಗ್ ನಂಬರ್ ಅಂದು ಇಟ್ಟೆ. ನಿಮ್ಮಪ್ಪ ಶಿಫ್ಟಿಗೆ ಹೋಗಿದ್ದರು, ಮನೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಅವರಿಗೆ ಈಗಲೂ ಆ ಫೋನಿನ ವಿಷಯ ಗೊತ್ತಿಲ್ಲ, ಆ ಸುದ್ದಿ ಗಂಗಲಕ್ಷ್ಮಮ್ಮನಿಂದ ತಿಳಿಯಿತು ಅಂದಿದ್ದೇನೆ. ಮಗಳಿಲ್ಲ ಎಂದು ಮೂರು ವರ್ಷ ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿಗೆ ಅದೇ ಬಂತು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ನಿನ್ನೆ ಒಳಗೆ ಬರದೆ ಇದ್ದದ್ದಕ್ಕೂ ಪದ್ಧತಿಯೊಂದೇ ಕಾರಣವಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ ಬಂದು ಗೇಟಿನ ಹೊರಗೆ ನಿಂತಿರುತ್ತೇನೆ. ಇದನ್ನು ಓದಿ ನೀನು ಕೆಳಗೆ ಬರದಿದ್ದರೆ ತಪ್ಪು ತಿಳಿಯುವುದಿಲ್ಲ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ.